ನಿನ್ನ ಮುಖ ಕೆಂಪಾಗುವುದರ ಬಗ್ಗೆ

ಪ್ರೀತಿಯ ಪುಟ್ಟಿ,

ಮುಖ ಕೆಂಪಾಗದಂತೆ ಮಾಡಿಸಿಕೊಳ್ಳುವ ಆಪರೇಷನ್‌ಗೆ ಡೇಟ್ ಸಿಕ್ಕಿತು ಅಂತ ನೀನು ಹೇಳಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಫೋನಿನಲ್ಲಿ ಇಬ್ಬರೂ ಏನೇನು ಅಂದುಕೊಂಡೆವೋ ಅದನ್ನು ಮತ್ತೆ ಕೆದಕುವುದಿಲ್ಲ. ಇಂಗ್ಲೆಂಡಿನಲ್ಲಿ, ಲೀಡ್ಸ್‌ನ ಆ ಆಫೀಸು ಮೀಟಿಂಗುಗಳಲ್ಲಿ ನೀನು ಬಾಯಿ ತೆರೆಯುವ ಮೊದಲೇ "ಬೀಟ್‌ರೂಟ್ ಆದಳು ನೋಡಿ" ಅಂತ ನಗುವವರ ಎದುರು ಕೂತು ಕೆಲಸ ಮಾಡುವುದು ಎಂಥ ಹಿಂಸೆ ಅಂತ ನನಗೆ ಅರ್ಥವಾಗುತ್ತದೆ. ಅವರ ಮೇಲೆ ನನಗೂ ಸಿಟ್ಟಿದೆ.

ಆದರೆ ಆಪರೇಷನ್ ಬಗ್ಗೆ ಓದುತ್ತಾ ಹೋದಂತೆ ಕೈಕಾಲು ತಣ್ಣಗಾಯಿತು. ಕಂಕುಳ ಕೆಳಗೆ ತೂತು ಮಾಡಿ, ಶ್ವಾಸಕೋಶದ ಗಾಳಿ ಇಳಿಸಿ, ಬೆನ್ನುಮೂಳೆಯ ಪಕ್ಕದಲ್ಲಿ ಹಾದುಹೋಗುವ, ಮುಖದ ಕೆಂಪು, ಬೆವರು ಎರಡನ್ನೂ ನಡೆಸುವ ಸಿಂಪಥೆಟಿಕ್ ನರವನ್ನು ಕತ್ತರಿಸುತ್ತಾರೆ, ಇಲ್ಲವೇ ಕ್ಲಿಪ್ ಹಾಕುತ್ತಾರೆ. ಮುಖದ ಕೆಂಪು ಇಳಿಯಬಹುದು. ಆಮೇಲೆ ಬೆನ್ನು, ಹೊಟ್ಟೆ, ತೊಡೆ ಬೆವರಲು ಶುರುವಾದರೆ? ಬಹಳ ಜನರಿಗೆ ಹಾಗಾಗುತ್ತದೆ. ಕತ್ತರಿಸಿದ್ದು ಮತ್ತೆ ಮೊದಲಿನಂತಾಗುವ ಭರವಸೆ ಇಲ್ಲ.

ಇಂಗ್ಲಿಷಿನಲ್ಲಿ ಮುಖ ಕೆಂಪಾಗುವುದಕ್ಕೆ ಎರಡು ಪದ, ಬ್ಲಶ್ ಬೇರೆ, ಫ್ಲಶ್ ಬೇರೆ ಅಂತ ಹೈಸ್ಕೂಲು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಹೇಳುತ್ತಿದ್ದೆ. ನಾಚಿಕೆಗೆ, ಮುಜುಗರಕ್ಕೆ ಬ್ಲಶ್. ಜ್ವರಕ್ಕೆ, ಓಡಿ ಬಂದ ದಣಿವಿಗೆ, ಕುಡಿತಕ್ಕೆ, ಸಿಟ್ಟಿಗೆ ಫ್ಲಶ್. ಹಳೆಯ ಇಂಗ್ಲಿಷ್ ಕಾದಂಬರಿಗಳಲ್ಲಿ "ಶಿ ಕಲರ್ಡ್", ಅವಳಿಗೆ ಬಣ್ಣವೇರಿತು, ಅಂದರೆ ಸಾಕು, ಕೆಂಪು ಅಂತ ಬಿಡಿಸಿ ಹೇಳಬೇಕಿಲ್ಲ. ಈ ಪಾಠವನ್ನು ಮನೆಯಲ್ಲೂ ಮಾಡಬೇಕಾಗಿ ಬಂತಲ್ಲ.

ಶಿವಮೊಗ್ಗದವರು ನಿನ್ನನ್ನು ನೋಡಲು ಬಂದ ದಿನ. ಮದುವೆಯಾದ ಮೇಲೆ ಕೆಲಸ ಯಾಕೆ ಅಂತ ಹುಡುಗನ ತಂದೆ ಕೇಳಿದರು. ನಿನ್ನ ಕೈಯಲ್ಲಿದ್ದ ಟ್ರೇಯಲ್ಲಿ ಲೋಟಗಳು ಸಣ್ಣಗೆ ಕಟಕಟ ಅನ್ನುತ್ತಿದ್ದವು. ನಾಚಿದಾಗ ನಿನಗೆ ಕೆನ್ನೆಯಿಂದ ಕತ್ತಿಗೆ ಕೆಂಪು ಇಳಿಯುತ್ತದೆ. ಅವತ್ತು ಕಿವಿಯಿಂದ ಹಣೆಗೆ ಏರಿತ್ತು, ಮೂಗಿನ ಹೊಳ್ಳೆಯ ಸುತ್ತ ಮಾತ್ರ ಬಿಳಿಚಿಕೊಂಡಿತ್ತು. "ಹುಡುಗಿ ಹೇಗೆ ನಾಚಿದಳು ನೋಡಿ" ಅಂದರು ನಿನ್ನ ಸೋದರತ್ತೆ. ಎಲ್ಲರೂ ನಕ್ಕರು. ಒಪ್ಪಿಗೆಯಾಯಿತು ಅನ್ನುವ ಹಾಗೆ ಎಲೆಅಡಿಕೆ ತಟ್ಟೆ ಮುಂದೆ ಬಂತು. ಅದು ನಾಚಿಕೆಯಲ್ಲ, ಸಿಟ್ಟು ಅಂತ ಅಷ್ಟು ಜನರೆದುರು ನಾನು ಹೇಳಿಬಿಟ್ಟೆ. ಮುಂದಿನದು ನಿನಗೇ ಗೊತ್ತು.

ಆ ಕಿವಿಗಳು ಈಗಲೂ ನನ್ನ ಕಣ್ಣ ಮುಂದಿವೆ. ನೀನು ಒಂದೇ ಒಂದು ಮಾತೂ ಆಡಿರಲಿಲ್ಲ, ದೊಡ್ಡವರೆದುರು ಆಡುವ ಹಾಗೂ ಇರಲಿಲ್ಲ. ಆ ಕೆಂಪು ಏರದೇ ಹೋಗಿದ್ದರೆ ನನಗೆ ಹೇಗೆ ತಿಳಿಯುತ್ತಿತ್ತು? ತಟ್ಟೆ ಬದಲಾಯಿಸಿ, ಮುಹೂರ್ತ ಇಟ್ಟು, ನಿನ್ನನ್ನು ಕಳಿಸಿಬಿಡುತ್ತಿದ್ದೆವು. ನೆನೆಸಿಕೊಂಡರೆ ಎದೆ ಝಲ್ಲೆನ್ನುತ್ತದೆ. ಆ ಸಿಟ್ಟಿನಿಂದಲೇ ನೀನು ಇವತ್ತು ಅಲ್ಲಿದ್ದೀಯ ಅಂತ ನನಗೆ ಹೆಮ್ಮೆ. ಆ ನರವನ್ನೇ ಕತ್ತರಿಸುತ್ತೇನೆ ಅಂದರೆ ನಾನು ಹೇಗೆ ಸುಮ್ಮನಿರಲಿ?

1872ರಲ್ಲಿ ಡಾರ್ವಿನ್ ಭಾವನೆಗಳ ಬಗ್ಗೆ ಪುಸ್ತಕ ಬರೆದಾಗ ಮುಖ ಕೆಂಪಾಗುವುದಕ್ಕೇ ಒಂದು ಅಧ್ಯಾಯ ಮೀಸಲಿಟ್ಟ. ಮನುಷ್ಯನಿಗೆ ಮಾತ್ರ ಇರುವ ಗುಣ ಅದು ಅಂದ. ಕಣ್ಣು ಕಾಣದ, ಕಿವಿ ಕೇಳದ ಲಾರಾ ಬ್ರಿಜ್‌ಮನ್ ಎಂಬ ಅಮೆರಿಕದ ಹೆಂಗಸು ಕೂಡ ಕೆಂಪಾಗುತ್ತಿದ್ದಳಂತೆ. 2009ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ತಪ್ಪು ಮಾಡಿ ಕೆಂಪಾದವರ, ಕೆಂಪಾಗದವರ ಮುಖಗಳನ್ನು ಜನರಿಗೆ ತೋರಿಸಿದಾಗ ಕೆಂಪಾದವರ ಬಗ್ಗೆಯೇ ಒಳ್ಳೆಯ ಅಭಿಪ್ರಾಯ ಬಂತು. ಕೆಂಪಾದೆ ಅಂತ ಯಾರಾದರೂ ಎತ್ತಿ ಹೇಳಿದರೆ ಅದು ಇನ್ನೂ ಏರುತ್ತದೆ, ಆದ್ದರಿಂದ ಆ ನಗುವವರಿಗೆ ನೀನು ಒಮ್ಮೆ ನೇರವಾಗಿ ಹೇಳಬೇಕು, ಮೇಲಿನವರಿಗೂ ತಿಳಿಸಬೇಕು, ಮೀಟಿಂಗಿನಲ್ಲಿ ಮುಖದ ಮೇಲಿನ ಗಮನವನ್ನು ಮಾತಿನ ಮೇಲೆ ತರುವ ತರಬೇತಿ ಕೊಡುವ ಮನಶ್ಶಾಸ್ತ್ರಜ್ಞರಿದ್ದಾರೆ, ಮೊದಲು ಅವರನ್ನು ನೋಡಬೇಕು... ಮತ್ತೆ ಕ್ಲಾಸು ಶುರು ಮಾಡಿದೆ, ಬೇಜಾರಾಗಬೇಡ.

ದೇಹ ನಿನ್ನದು ಅಂತ ನಿಮ್ಮಪ್ಪ ಒಂದೇ ಮಾತು ಹೇಳಿ ತೋಟಕ್ಕೆ ಹೋದರು. ಅದು ನಿಜವೇ. ಡಾಕ್ಟರರನ್ನು ಎರಡೇ ಪ್ರಶ್ನೆ ಕೇಳು: ನರ ಕತ್ತರಿಸುತ್ತಾರೋ, ಕ್ಲಿಪ್ ಹಾಕುತ್ತಾರೋ, ಅವರ ಕೈಯಲ್ಲಿ ಮಾಡಿಸಿಕೊಂಡವರಲ್ಲಿ ಎಷ್ಟು ಜನ ಬೆವರಿನಿಂದ ಒದ್ದಾಡುತ್ತಿದ್ದಾರೆ. ಅವರು ಏನಂದರು ಅಂತ ಮೆಸೇಜ್ ಹಾಕು. ಅಷ್ಟಾದ ಮೇಲೂ ಮಾಡಿಸಿಕೊಳ್ಳುತ್ತೇನೆ ಅಂದರೆ ಡೇಟ್ ಸ್ವಲ್ಪ ಮುಂದಕ್ಕೆ ಹಾಕಿಸಿ, ನನ್ನ ವೀಸಾಕ್ಕೆ ಆಮಂತ್ರಣ ಪತ್ರ ಕಳಿಸು. ಅವತ್ತು ನಾನು ನಿನ್ನ ಜೊತೆಗಿರಬೇಕು.

ನಿನ್ನ
ಅಮ್ಮ