ಟಾಕಿಯ ಮುಚ್ಚಳ

ಕಲಬುರಗಿ
ಮಂಗಳವಾರ ರಾತ್ರಿ

ಚಿರಂಜೀವಿ ಮಗಳಿಗೆ ನಿನ್ನ ಕಾಕಾನ ಆಶೀರ್ವಾದಗಳು.

ನಿನ್ನ ಪತ್ರ ಬಂದು ಎಂಟು ದಿನವಾಯಿತು. ನೀನು ಕಲಿಸುವ ಶಾಲೆಯಲ್ಲಿ ಬಿಸಿಯೂಟ ಉಂಡ ಮಕ್ಕಳು ಹುಷಾರು ತಪ್ಪಿದ್ದನ್ನು ನಿನ್ನ ಅಪ್ಪ ಫೋನಿನಲ್ಲಿ ಹೇಳಿದ್ದಾನೆ. ಬಿಸಿಯೂಟದ ಆಕೆಯನ್ನು ಬಿಡಿಸಿದ್ದು ಗೊತ್ತು, ಮಕ್ಕಳೆಲ್ಲ ಹುಷಾರಾದದ್ದೂ ಗೊತ್ತು. ಅದನ್ನು ಮತ್ತೆ ಕೆದಕುವುದಿಲ್ಲ. ಆದರೆ ಕೊನೆಯ ಪುಟದ ಒಂದು ಸಾಲು ನನಗೆ ನಿದ್ದೆ ಕೊಡುತ್ತಿಲ್ಲ. "ನೀರಿನ ಟಾಕಿಯ ಮುಚ್ಚಳ ತೆರೆದಿತ್ತು ಎಂದು ನಾನು ಅಂದುಕೊಂಡಿದ್ದೆ ಕಾಕಾ. ಆದರೆ ಊರೆಲ್ಲ ಮುಚ್ಚಿತ್ತು ಅನ್ನುತ್ತದೆ, ಅಡುಗೆಯವಳ ಕೈಗುಣವೇ ಕಾರಣ ಅನ್ನುತ್ತದೆ. ಇಷ್ಟು ಜನ ಒಪ್ಪಿದ ಮೇಲೆ ನಿಜವೂ ಅದೇ ಆಗಿಬಿಟ್ಟಿತೇನೋ."

ನಿನ್ನ ಹಿಂದಿನ ಪತ್ರವನ್ನು ಪೆಟ್ಟಿಗೆಯಿಂದ ತೆಗೆದು ಓದಿದೆ. ಅದರಲ್ಲಿ "ಮುಚ್ಚಳ ತೆರೆದಿದ್ದನ್ನು ನೋಡಿದೆ" ಎಂದು ಬರೆದಿದ್ದೀಯ. ಒಂದೇ ತಿಂಗಳಲ್ಲಿ "ನೋಡಿದೆ" ಎಂಬುದು "ಅಂದುಕೊಂಡಿದ್ದೆ" ಆಗಿದೆ. ನನಗೆ ಭಯವಾದದ್ದು ಊರಿನ ಮಾತಿಗಲ್ಲ ಮಗಳೇ, ನಿನ್ನ ಈ ಒಂದು ಕ್ರಿಯಾಪದಕ್ಕೆ.

ಯಾರೋ ಅಮೆರಿಕದ ತತ್ತ್ವಜ್ಞಾನಿ ಎಲ್ಲರೂ ಕೊನೆಗೆ ಒಪ್ಪುವುದೇ ಸತ್ಯ ಎಂದಿದ್ದಾನೆ, ಹಾಗಾದರೆ ಊರಿನ ಮಾತೇ ಸರಿಯಲ್ಲವೇ ಎಂದು ಕೇಳಿದ್ದೀಯ. ಆತ ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್. 1878ರಲ್ಲಿ ಅಂಥದ್ದೊಂದು ಮಾತು ಬರೆದದ್ದು ಹೌದು. ಆದರೆ ಅವನು ಹೇಳಿದ್ದು ನಂಬಿ ಕುಳಿತವರ ಒಪ್ಪಿಗೆಯನ್ನಲ್ಲ, ಬಿಡದೆ ಹುಡುಕುವವರೆಲ್ಲ ಕೊನೆಗೆ ಬಂದು ಮುಟ್ಟುವ ಒಪ್ಪಿಗೆಯನ್ನು. ಅದರ ಹಿಂದಿನ ವರ್ಷವೇ, ನಂಬಿಕೆ ಯಾವ ಯಾವ ದಾರಿಯಿಂದ ಗಟ್ಟಿಯಾಗುತ್ತದೆ ಎಂದು ಆತ ವಿಂಗಡಿಸಿದ್ದ. ಹಿಡಿದದ್ದನ್ನು ಬಿಡದಿರುವುದು ಒಂದು, ದೊಡ್ಡವರ ಅಧಿಕಾರಕ್ಕೆ ತಲೆಬಾಗುವುದು ಇನ್ನೊಂದು, ಮನಸ್ಸಿಗೆ ಒಪ್ಪಿತವಾಗಿ ಕಂಡದ್ದನ್ನು ಹಿಡಿಯುವುದು ಮತ್ತೊಂದು. ನಮ್ಮ ಯಾರ ಅಭಿಪ್ರಾಯಕ್ಕೂ ಬಗ್ಗದ ಹೊರಗಿನ ವಸ್ತುವಿನ ಮುಂದೆ ನಮ್ಮ ನಂಬಿಕೆಯನ್ನು ಒಡ್ಡುವುದು ಕೊನೆಯದು. ನಿನ್ನ ಊರಿನಲ್ಲಿ ಟಾಕಿ ಹತ್ತಿ ನೋಡಿದವರು ಎಷ್ಟು ಜನ? ಕಟ್ಟೆಯ ಮೇಲೆ ಕುಳಿತು ಒಪ್ಪಿದವರು ಎಷ್ಟು ಜನ? ಪುಸ್ತಕದ ಮಾತು ಇಷ್ಟೇ ಸಾಕು. ನಾನು ಬರೆಯಬೇಕಾದದ್ದು ಬೇರೆ ಇದೆ, ಅದಕ್ಕೆ ಧೈರ್ಯ ಸಾಲದೆ ಇದನ್ನೆಲ್ಲ ಬರೆಯುತ್ತಿದ್ದೇನೆ.

ನಾನು ನೌಕರಿಗೆ ಸೇರಿ ಮೂರನೆಯ ವರ್ಷ. ಊರಿನ ಹೆಸರು ಬೇಡ. ನಿನ್ನ ಕಾಕುವಿಗೆ ಎಂಟನೆಯ ತಿಂಗಳು, ಕಾಲು ಬಾತು ಕೂರಲು ಏಳಲು ಆಗುತ್ತಿರಲಿಲ್ಲ. ಓಣಿಯ ಒಬ್ಬ ವಿಧವೆ ಸಂಜೆ ಬಂದು ರೊಟ್ಟಿ ಬಡಿದುಕೊಟ್ಟು ಹೋಗುತ್ತಿದ್ದಳು. ಆಗಲೇ ಊರಿನ ದೊಡ್ಡ ಮನೆಯೊಂದರ ಸೊಸೆ ಇದ್ದಕ್ಕಿದ್ದಂತೆ ನಾಯಿಯ ಹಾಗೆ ಬೊಗಳತೊಡಗಿದಳು, ಆಮೇಲೆ ಇನ್ನೊಂದು ಮನೆಯ ಹುಡುಗಿ. ಭಾನಾಮತಿ, ಅಂದರೆ ಯಾರೋ ಮಾಡಿಸಿದ ಮಾಟ, ಎಂದರು. ನಮ್ಮ ಕಡೆ ಆ ಕಾಲದಲ್ಲಿ ಆ ಒಂದು ಶಬ್ದ ಬಿದ್ದರೆ ಸಾಕಿತ್ತು, ಮಾಡಿದವರು ಯಾರು ಎಂಬ ಪ್ರಶ್ನೆಯೊಂದೇ ಉಳಿಯುತ್ತಿತ್ತು. ಅಮಾವಾಸ್ಯೆಯ ರಾತ್ರಿ ಆ ದೊಡ್ಡ ಮನೆಯ ತಗಡಿನ ಮೇಲೆ ದಡದಡನೆ ಕಲ್ಲು ಬಿದ್ದವು. ನಮ್ಮ ಅಡುಗೆಮನೆಗೂ ಆ ಸದ್ದು ಕೇಳಿಸಿತು. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ತಲೆ ಎತ್ತಿದಳು. ಮಣಿಕಟ್ಟಿನವರೆಗೆ ಜೋಳದ ಹಿಟ್ಟು, ಹಂಚಿನ ಮೇಲಿನ ರೊಟ್ಟಿಯ ಒಂದು ಅಂಚು ಸೀಯುತ್ತಿತ್ತು. "ಇಷ್ಟು ಹೊತ್ತಿನಲ್ಲಿ ಯಾರು ಕಲ್ಲು ಒಗೆಯುತ್ತಾರೆ ಮಾಸ್ತರರೇ" ಎಂದು ನನ್ನನ್ನೇ ಕೇಳಿದಳು.

ಮರುದಿನ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ, ಕಲ್ಲು ಬಿದ್ದದ್ದು ಅವಳಿಂದಲೇ, ಆ ಹೊತ್ತಿಗೆ ಅವಳು ಮನೆಯಲ್ಲಿ ಇರಲಿಲ್ಲ ಎಂದು ಊರು ತೀರ್ಮಾನಿಸಿತು. ಮನೆಯಲ್ಲಿ ಇರಲಿಲ್ಲ ಎಂಬುದು ಖರೆ, ನಮ್ಮ ಮನೆಯಲ್ಲಿದ್ದಳು. ಹಿರಿಯರೊಬ್ಬರು ನನ್ನ ಕಡೆ ತಿರುಗಿ, ಮಾಸ್ತರರು ಓದಿದವರು, ನೀವೇನು ಹೇಳುತ್ತೀರಿ ಎಂದರು. ನಾನು ಹೇಳಿದ ಮಾತು ಇದು: "ಇಷ್ಟು ಜನ ಹೇಳುತ್ತಿದ್ದಾರೆ ಎಂದ ಮೇಲೆ ಏನೋ ಇರಬೇಕು."

ನೋಡಿದೆಯಾ, ನಿನ್ನ ಸಾಲಿಗೂ ನನ್ನ ಸಾಲಿಗೂ ಎಷ್ಟು ಹತ್ತಿರ. ಅದಕ್ಕೇ ನಿನ್ನ ಪತ್ರ ಕೈಯಲ್ಲಿ ಹಿಡಿದು ನಡುಗಿದೆ.

ಬಸುರಿ ಹೆಂಡತಿ ಮನೆಯಲ್ಲಿದ್ದಳು, ಮಾಸ್ತರನ ಮನೆಗೂ ಭಾನಾಮತಿ ತಾಗಿದೆ ಎಂದು ಬಿಟ್ಟರೆ ಏನು ಗತಿ ಎಂದು ಹೆದರಿದೆ. ಈ ಕಾರಣವನ್ನು ನಾನು ನಲವತ್ತು ವರ್ಷ ನನಗೇ ಹೇಳಿಕೊಂಡಿದ್ದೇನೆ. ಅದೇ ಮಧ್ಯಾಹ್ನ ಆಕೆಯ ಮುಂದಿನ ಎರಡು ಹಲ್ಲುಗಳನ್ನು ಕಲ್ಲಿನಿಂದ ಕುಟ್ಟಿ ಬೀಳಿಸಿದರು. ಹಲ್ಲು ಹೋದರೆ ಮಂತ್ರ ಸರಿಯಾಗಿ ಉಚ್ಚರಿಸಲಾಗದು ಎಂಬ ನಂಬಿಕೆ. ವಾರದೊಳಗೆ ಊರು ಬಿಟ್ಟಳು. ವಾಮಾಚಾರ ತಡೆಯುವ ಕಾಯ್ದೆಯನ್ನು ನಮ್ಮ ಸರ್ಕಾರ 2017ರಲ್ಲಿ ಮಾಡಿತು. ಆಕೆಗೆ ಅಂದು ಬೇಕಾಗಿದ್ದದ್ದು ಕಾಯ್ದೆಯೂ ಅಲ್ಲ, ಒಬ್ಬ ಸಾಕ್ಷಿ.

ಇದಕ್ಕಿಂತ ಹೆಚ್ಚು ನನ್ನನ್ನು ಕಾಡುವುದು ಇದರ ಮುಂದಿನದು. ಹನ್ನೆರಡು ವರ್ಷಗಳ ಮೇಲೆ ಇಲ್ಲಿಯೇ ಶರಣಬಸವೇಶ್ವರರ ಜಾತ್ರೆಯಲ್ಲಿ ಆಕೆ ಸಿಕ್ಕಳು. ಸೆರಗನ್ನು ಬಾಯಿಗೆ ಅಡ್ಡ ಹಿಡಿದೇ ಮಾತನಾಡಿದಳು. ಮಗು ಹೇಗಿದೆ, ಗಂಡೋ ಹೆಣ್ಣೋ ಎಂದು ಕೇಳಿದಳು. ಆಮೇಲೆ ತಾನಾಗಿಯೇ, "ನನ್ನಿಂದಲೇ ಆಗಿರಬೇಕು ಮಾಸ್ತರರೇ, ನನಗೆ ತಿಳಿಯದ ಹಾಗೆ. ಊರಿಗೆ ಊರೇ ಸುಳ್ಳು ಹೇಳುತ್ತದೆಯೇ?" ಎಂದಳು. ಅಷ್ಟರಲ್ಲಿ ತೇರು ಹೊರಟಿತು. ಜನ ನೂಕಿದರು. ಆ ನೂಕುನುಗ್ಗಲು ಬಂದದ್ದು ಒಳ್ಳೆಯದಾಯಿತು ಎಂದು ನನಗೆ ಅನ್ನಿಸಿತು, ಮಗಳೇ. ಅದನ್ನು ಬರೆಯಲು ಈಗಲೂ ಕೈ ಬರುತ್ತಿಲ್ಲ.

ಈಗ ನಿನ್ನ ಪ್ರಶ್ನೆಯನ್ನು ಆಕೆಯ ಪಕ್ಕದಲ್ಲಿ ಇಟ್ಟು ನೋಡು. ಊರು ನಂಬಿತು. ತಿಳಿದವನು ಬಾಯಿ ಮುಚ್ಚಿದ. ಕೊನೆಗೆ ಆಕೆಯೂ ನಂಬಿದಳು, ಒಲ್ಲೆ ಅನ್ನುವ ಒಂದು ದನಿಯೂ ಉಳಿಯಲಿಲ್ಲ. ಒಪ್ಪಿಗೆಯಿಂದಲೇ ಸತ್ಯ ಹುಟ್ಟುವುದಾದರೆ ಆ ಜಾತ್ರೆಯ ದಿನ ಆಕೆ ನಿಜವಾಗಿಯೂ ಭಾನಾಮತಿ ಮಾಡಿದವಳಾಗಬೇಕಿತ್ತು. ಆಗಲಿಲ್ಲ. ಆ ರಾತ್ರಿ ಆಕೆಯ ಕೈಗೆ ಹಿಟ್ಟು ಮೆತ್ತಿತ್ತು.

ಊರಿನ ಒಪ್ಪಿಗೆಯಿಂದಲೇ ನಿಲ್ಲುವ ಸಂಗತಿಗಳೂ ಇವೆ, ಇಲ್ಲವೆನ್ನುವುದಿಲ್ಲ. ನಿಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಚಾರ್‌ಮಿನಾರ್ ಚಿತ್ರದ ಹಾಲಿ ಸಿಕ್ಕಾ ರೂಪಾಯಿ ನೆನಪಿದೆಯೇ, ಚಿಕ್ಕವಳಿದ್ದಾಗ ಅದನ್ನು ಆಡಲು ಕೇಳುತ್ತಿದ್ದೆ. ನಿಜಾಮರ ಕಾಲದಲ್ಲಿ ಅಂಥ 7 ರೂಪಾಯಿಗೆ ಬ್ರಿಟಿಷರ ಕಲ್ದಾರ್ 6 ರೂಪಾಯಿ. 1959ರಲ್ಲಿ ಅದರ ಚಲಾವಣೆ ಪೂರ್ತಿ ನಿಂತಿತು. ಅದು ರೂಪಾಯಿ ಆಗಿದ್ದದ್ದು ಜನ ಒಪ್ಪಿದ್ದರಿಂದ, ಒಪ್ಪಿಗೆ ಹಿಂದೆಗೆದ ದಿನ ರೂಪಾಯಿತನ ಹೋಯಿತು. ಆದರೆ ಅಜ್ಜಿ ಅಂಥವು ನಾಲ್ಕನ್ನು ಅಕ್ಕಸಾಲಿಗನ ಬಳಿ ಒಯ್ದಾಗ ಆತ ತಕ್ಕಡಿಗೆ ಹಾಕಿ ಬೆಳ್ಳಿಯ ತೂಕಕ್ಕೆ ದುಡ್ಡು ಕೊಟ್ಟ. ಬೆಳ್ಳಿ ಯಾರ ಒಪ್ಪಿಗೆಯನ್ನೂ ಕೇಳಿರಲಿಲ್ಲ. ನಿನ್ನ ಶಾಲೆಯಲ್ಲಿ ಅಡುಗೆಯವಳು ಯಾರು, ಯಾರ ಕೈಯ ಅಡುಗೆ ಉಣ್ಣಬೇಕು ಎಂಬುದನ್ನು ಊರು ಕೂಡಿ ನಿರ್ಧರಿಸಬಹುದು, ತಪ್ಪಾಗಿಯೇ ನಿರ್ಧರಿಸಬಹುದು. ಮಕ್ಕಳು ಹುಷಾರು ತಪ್ಪಿದ ಆ ಮಂಗಳವಾರ ಮುಚ್ಚಳ ತೆರೆದಿತ್ತೋ ಇಲ್ಲವೋ ಎಂಬುದನ್ನು ಮಾತ್ರ ಯಾವ ಸಭೆಯೂ ಇಂದು ನಿರ್ಧರಿಸಲಾರದು. ಅದು ಅಂದೇ ಆಗಿಹೋಗಿದೆ.

ನಿನಗೆ ರಜೆ ಸಿಕ್ಕರೆ ಸನ್ನತಿಗೆ ಹೋಗಿ ಬಾ, ನಿನ್ನ ಊರಿನಿಂದ ದೂರವಿಲ್ಲ. ಭೀಮಾ ದಂಡೆಯ ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿಯ ಗುಡಿಯ ಚಾವಣಿ ಕುಸಿಯಿತು. ಮೂರ್ತಿಯ ಕೆಳಗಿನ ಪೀಠವನ್ನು ನೋಡಿದರೆ ಎರಡೂ ಕಡೆ ಬ್ರಾಹ್ಮಿ ಅಕ್ಷರಗಳು, ಕ್ರಿಸ್ತಪೂರ್ವ 3ನೆಯ ಶತಮಾನದ ಅಶೋಕನ ಶಾಸನ. ತನ್ನ ಪಂಥವನ್ನು ಹೊಗಳಲು ಇನ್ನೊಬ್ಬರ ಪಂಥವನ್ನು ಹಳಿಯುವವನು ತನ್ನದಕ್ಕೇ ಕೇಡು ಮಾಡಿಕೊಳ್ಳುತ್ತಾನೆ ಎಂಬ ಆಜ್ಞೆಯೂ ಆ ಕಲ್ಲಿನಲ್ಲಿದೆ. ಅರಿಶಿನ ಕುಂಕುಮ ಏರಿಸಿದ ಎಷ್ಟೋ ತಲೆಮಾರಿನವರಿಗೆ ಅದು ದೇವಿಯ ಪೀಠ, ಅಷ್ಟೇ. ಅವರ ಭಕ್ತಿಯಲ್ಲಿ ಕೊರತೆ ಇರಲಿಲ್ಲ, ಅಕ್ಷರಗಳೂ ಅಳಿಯಲಿಲ್ಲ. ಆದರೆ ಮೂರ್ತಿ ನಿಲ್ಲಿಸಲು ಕಲ್ಲಿನ ನಡುವೆ ಚೌಕವಾಗಿ ಕೊರೆದಿದ್ದಾರೆ, ಅಲ್ಲಿದ್ದ ಅಕ್ಷರಗಳು ಹೋಗಿವೆ. ಅದೇ ಶಾಸನಗಳು ಬೇರೆ ಕಡೆಯೂ ಸಿಕ್ಕಿರುವುದರಿಂದ ಅಲ್ಲಿ ಏನಿತ್ತೆಂದು ಊಹಿಸಬಹುದು. ನಾನು ಮಕ್ಕಳನ್ನು ಕರೆದುಕೊಂಡು ಹೋದಾಗ ಆ ತೂತಿನ ಮುಂದೆ ಬಹಳ ಹೊತ್ತು ನಿಂತಿದ್ದೆ. ನಿಜಕ್ಕೆ ಜನರು ಮಾಡಬಹುದಾದ ಕೇಡು ಅಷ್ಟು: ತಿಳಿಯದ ಹಾಗೆ ಮಾಡಬಹುದು. ನಾನು ಮಾಡಿದ್ದೂ ಅದನ್ನೇ. ಆಕೆಯ ಪಾಲಿನ ಅಕ್ಷರಗಳು ಇದ್ದದ್ದು ನನ್ನೊಬ್ಬನಲ್ಲಿ, ನಿನ್ನ ಕಾಕುವಿನಲ್ಲಿ.

ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ ಎಂದು ಇಷ್ಟರಲ್ಲಿ ನಿನಗೂ ಗೊತ್ತಾಗಿರುತ್ತದೆ. ಆದರೂ ಕೇಳು. ನಿನ್ನ ಕಣ್ಣೂ ತಪ್ಪಿರಬಹುದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ. ಟಾಕಿಯ ನೀರನ್ನು ಪರೀಕ್ಷೆಗೆ ಕಳಿಸಿದ್ದರೋ ಇಲ್ಲವೋ ವಿಚಾರಿಸು, ಇಷ್ಟು ದಿನದ ಮೇಲೆ ಏನು ಸಿಗುತ್ತದೋ ಕಾಣೆ. ಅಂದು ನಿನ್ನ ಜೊತೆ ಯಾವ ಮಕ್ಕಳಿದ್ದರು, ಬಿಸಿಲು ಯಾವ ಕಡೆಯಿತ್ತು, ಮುಚ್ಚಳ ಎಲ್ಲಿ ಬಿದ್ದಿತ್ತು ಎಂಬುದನ್ನೆಲ್ಲ ತಾರೀಖು ಹಾಕಿ ಬರೆದಿಡು, ನೆನಪು ಇನ್ನೂ ಬದಲಾಗುವ ಮೊದಲು. ತಪ್ಪಿದ್ದೇನೆ ಎಂದು ಗೊತ್ತಾದರೆ ಹುಡುಕಿ ಗೊತ್ತಾಗಲಿ, ತಲೆ ಎಣಿಸಿ ಅಲ್ಲ. ಮುಖ್ಯ ಗುರುಗಳು "ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ" ಎಂದು ಚುಚ್ಚಿದರಂತೆ, ಅದಕ್ಕೆ ಉತ್ತರ ಕೊಡಲು ಹೋಗಬೇಡ. ನಿನ್ನ ನೌಕರಿ ಇನ್ನೂ ಕಾಯಂ ಆಗಿಲ್ಲ, ಅದು ನನಗೆ ಮರೆತಿಲ್ಲ. ನೀನು ಎಷ್ಟು ಹೇಳಬಲ್ಲೆ ಎಂಬುದು ನಿನಗೇ ಬಿಟ್ಟದ್ದು. ಆಗುವುದಾದರೆ ಒಂದು ಸಂಜೆ ಬಿಸಿಯೂಟದ ಆಕೆಯ ಮನೆಗೆ ಹೋಗು. ಏನೂ ಹೇಳಬೇಕಿಲ್ಲ, ಆಕೆ ಮಾಡಿದ ಚಹಾ ಕುಡಿದು ಬಾ. ಆಕೆಯೂ ತನ್ನ ಕೈಗುಣವನ್ನು ನಂಬುವ ಮೊದಲು ಹೋಗು.

ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದ ಚಾಲುಕ್ಯರ ಆಸ್ಥಾನದವನು. ಆತ ವ್ಯಾಖ್ಯಾನ ಮಾಡಿದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ, ಗೊತ್ತಿದ್ದೂ ಸಾಕ್ಷಿ ನುಡಿಯದವನು ಪಾಪದಲ್ಲೂ ದಂಡದಲ್ಲೂ ಸುಳ್ಳುಸಾಕ್ಷಿಗೆ ಸಮ ಎಂದಿದೆ. ನಿವೃತ್ತಿಯಾದ ಮೇಲೆ ಓದಿದೆ. ಪುಸ್ತಕ ಮಡಚಿಟ್ಟು ಅಂದು ಊಟ ಮಾಡಲಿಲ್ಲ. ಸಾಕ್ಷಿಯ ಜೊತೆಗೆ ಬರಹವನ್ನೂ ಅಲ್ಲಿ ಪ್ರಮಾಣ ಎಂದು ಎಣಿಸಿದ್ದಾರೆ. ಆಕೆ ಈಗ ಬದುಕಿದ್ದಾಳೋ ಇಲ್ಲವೋ. ನಿನ್ನ ಪತ್ರ ಓದಿದ ಮೇಲೆ ಕಾಕುವನ್ನು ಕೂರಿಸಿಕೊಂಡು ಇದನ್ನು ಬರೆದಿದ್ದೇನೆ. ನಿನ್ನ ಬಳಿ ಇರಲಿ.

ಆ ಅಮಾವಾಸ್ಯೆಯ ರಾತ್ರಿ ದೊಡ್ಡ ಮನೆಯ ತಗಡಿನ ಮೇಲೆ ಕಲ್ಲು ಬಿದ್ದಾಗ ಆಕೆ ನಮ್ಮ ಅಡುಗೆಮನೆಯಲ್ಲಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ದೀಪ ಹಚ್ಚುವ ಮೊದಲು ಬಂದವಳು ನಾವು ಉಂಡು ಏಳುವವರೆಗೆ ಹೊರಗೆ ಹೋಗಲಿಲ್ಲ. ನಾನು ನೋಡಿದೆ. ನನ್ನ ಹೆಂಡತಿ ನೋಡಿದಳು. ಕೆಳಗೆ ಇಬ್ಬರ ಸಹಿ ಇದೆ.

ನಿನ್ನ ಕಾಕಾ
ನಿನ್ನ ಕಾಕು