ವಚನ ಒಂದೇ ಸಾಲದು, ಅಧ್ಯಾಯ ಓದಿ

ಮಾನ್ಯ ಸಂಪಾದಕರೇ,

ಹೊಸ ವರ್ಷ ಬಂತೆಂದರೆ ಕ್ರೈಸ್ತರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ದೇವರು ಒಳ್ಳೆಯ ಭವಿಷ್ಯದ ಭರವಸೆ ಕೊಡುವ ಬೈಬಲ್ ವಚನ ಯೆರೆಮೀಯ 29:11 ಹರಿದಾಡುತ್ತದೆ. ಅದರ ಹಿಂದಿನ ವಚನವನ್ನು ಮಾತ್ರ ಯಾರೂ ಕಳುಹಿಸುವುದಿಲ್ಲ. ಅಲ್ಲಿರುವುದು ಬಾಬೆಲಿನ (ಬ್ಯಾಬಿಲೋನಿನ) 70 ವರ್ಷಗಳ ಮಾತು! ಅಲ್ಲಿಗೆ ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರವದು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದು 5ರಿಂದ 7ನೇ ವಚನಗಳು ಹೇಳುತ್ತವೆ. ಎರಡೇ ವರ್ಷದಲ್ಲಿ ಬಿಡುಗಡೆ ಎಂದ ಸುಳ್ಳು ಪ್ರವಾದಿ ಹನನ್ಯನ ಮಾತನ್ನು 28ನೇ ಅಧ್ಯಾಯದಲ್ಲಿ ಓದಿದ ಮೇಲೆ ಈ ಪತ್ರದ ಖಾರ ತಿಳಿಯುತ್ತದೆ.

ಹೊಸಬರು ಬೈಬಲಿನ ಮೊದಲ ಪುಸ್ತಕ ಆದಿಕಾಂಡದಿಂದ ಹೊರಟು, ನಿಯಮಗಳೇ ತುಂಬಿದ ಮೂರನೆಯ ಪುಸ್ತಕ ಯಾಜಕಕಾಂಡದಲ್ಲಿ ಕೈಚೆಲ್ಲುವುದೇ ಹೆಚ್ಚು. ಮಾರ್ಕನ ಸುವಾರ್ತೆಯಿಂದ ಶುರುಮಾಡಲಿ. 16 ಅಧ್ಯಾಯ, ದಿನಕ್ಕೊಂದು. ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದರು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ನಂತರವೇ ‘ಇದರಲ್ಲಿ ನನಗೇನಿದೆ’ ಎಂದು ಕೇಳಿಕೊಳ್ಳಲಿ. ಸಭಾಪಾಲಕರೂ ಪ್ರಸಂಗಕ್ಕೆ ಮುನ್ನ ಇಡೀ ಅಧ್ಯಾಯ ಓದಿಸಲಿ.

– ಓರ್ವ ಓದುಗ