ಇಂಗ್ಲಿಷ್ ವ್ಯಾಕರಣಕ್ಕೂ ‘ಏನನ್ನು?’ ಅಂತ ಕೇಳಲಿ

ಮಾನ್ಯ ಸಂಪಾದಕರೇ,

2025ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ನಮ್ಮ ಕಲಬುರಗಿ ಜಿಲ್ಲೆ ರಾಜ್ಯಕ್ಕೇ ಕೊನೆಗೆ ಬಂತು. ಶಿಕ್ಷಕರಿಲ್ಲ, ಕೋಣೆಗಳಿಲ್ಲ ಅಂತ ಎಲ್ಲರೂ ಮಾತಾಡುತ್ತಾರೆ, ಅದು ನಿಜವೇ. ಆದರೆ ಇಂಗ್ಲಿಷ್ ಕ್ಲಾಸಿನಲ್ಲಿ ಪಾಠ ಹೇಗೆ ನಡೆಯುತ್ತದೆ ಅನ್ನುವುದರ ಬಗ್ಗೆ ಮಾತೇ ಇಲ್ಲ.

ಕನ್ನಡ ಮಾಧ್ಯಮದ ಹತ್ತನೇ ಕ್ಲಾಸಿನ ಹುಡುಗರ ನೋಟ್‌ಬುಕ್ ತೆಗೆದು ನೋಡಿ. ‘ಆಕ್ಸಿಡೆಂಟ್ ವಾಸ್ ಹ್ಯಾಪನ್ಡ್ ನಿಯರ್ ಬಸ್ ಸ್ಟ್ಯಾಂಡ್’ ಅಂತ ಇರುತ್ತದೆ. ಯಾಕೆ ಅಂದರೆ ಪ್ಯಾಸಿವ್ ವಾಯ್ಸ್ (ಕರ್ಮಣಿ ಪ್ರಯೋಗ) ಅನ್ನು ಸೂತ್ರದ ಹಾಗೆ ಬಾಯಿಪಾಠ ಮಾಡಿಸಿದ್ದಾರೆ: ‘ವಾಸ್’ ಹಾಕು, ಮೂರನೇ ರೂಪ ಹಾಕು, ಮುಗೀತು. ಕರ್ಮ, ಅಂದರೆ ಕ್ರಿಯೆ ಯಾವುದರ ಮೇಲೆ ನಡೆಯುತ್ತದೋ ಅದು, ಇಲ್ಲದ ‘ಹ್ಯಾಪನ್’ನಂಥ ಕ್ರಿಯಾಪದಕ್ಕೆ ಪ್ಯಾಸಿವ್ ಆಗುವುದೇ ಇಲ್ಲ ಅಂತ ಯಾರೂ ಹೇಳಿಲ್ಲ.

ಬೇಸರದ ಸಂಗತಿ ಏನಂದರೆ ಈ ಮಕ್ಕಳಿಗೆ ಇದು ಗೊತ್ತೇ ಇದೆ. ಕನ್ನಡದ ಪೀರಿಯಡ್‌ನಲ್ಲಿ ಸಕರ್ಮಕ, ಅಕರ್ಮಕ ಓದಿದ್ದಾರೆ. ‘ಏನನ್ನು? ಯಾರನ್ನು?’ ಅಂತ ಕೇಳಿ, ಉತ್ತರ ಸಿಕ್ಕರೆ ಸಕರ್ಮಕ, ಸಿಗದಿದ್ದರೆ ಅಕರ್ಮಕ. ‘ಅವ್ವ ರೊಟ್ಟಿ ಬಡಿದಳು’, ಏನನ್ನು? ರೊಟ್ಟಿಯನ್ನು. ‘ಕೂಸು ಮಲಗಿತು’, ಇಲ್ಲಿ ‘ಏನನ್ನು’ ಅಂತ ಕೇಳೋಕೇ ಆಗಲ್ಲ, ಅಲ್ವಾ? ಇದೇ ಪ್ರಶ್ನೆಯನ್ನು ಮುಂದಿನ ಪೀರಿಯಡ್‌ನಲ್ಲಿ ‘ಹ್ಯಾಪನ್’, ‘ಅರೈವ್’, ‘ಡೈ’ಗಳ ಮೇಲೆ ಹಾಕಿಸಿದರೆ ಆಯ್ತು.

ವ್ಯತ್ಯಾಸಗಳೂ ಇವೆ, ಅದನ್ನೂ ಬಿಡಿಸಿ ಹೇಳಬೇಕು. ತೊಗರಿ ಬೇಳೆ ಬೇಯುತ್ತದೆ, ಅವ್ವ ಅದನ್ನು ಬೇಯಿಸುತ್ತಾಳೆ. ನಾವು ‘ಇಸು’ ಸೇರಿಸಿ ರೂಪ ಬದಲಿಸುತ್ತೇವೆ. ಇಂಗ್ಲಿಷಿನ ‘ಬಾಯ್ಲ್’ ಎರಡಕ್ಕೂ ಅದೇ. ಆದರೆ ‘ರೈಸ್’, ‘ರೇಜ್’ ಬೇರೆ ಬೇರೆ: ಬೆಲೆ ತಾನೇ ಏರಿದರೆ ಮೊದಲನೆಯದು, ಯಾರೋ ಏರಿಸಿದರೆ ಎರಡನೆಯದು. ಇದಕ್ಕಿಂತ ಜಾಸ್ತಿ ತೊಂದರೆ ಕೊಡುವುದು ಇನ್ನೊಂದಿದೆ. ‘ಪುಸ್ತಕ ತಂದೆಯಾ?’ ಅಂದರೆ ‘ತಂದೆ ಸಾರ್’ ಅನ್ನುತ್ತೇವೆ, ಕರ್ಮ ಬಿಟ್ಟರೂ ಕನ್ನಡಕ್ಕೆ ಏನೂ ಆಗಲ್ಲ. ಅದೇ ರೂಢಿಯಲ್ಲಿ ಹುಡುಗ ‘ಯೆಸ್ ಸಾರ್, ಐ ಬ್ರಾಟ್’ ಅಂತ ನಿಲ್ಲಿಸುತ್ತಾನೆ. ಇಂಗ್ಲಿಷಿಗೆ ಅಲ್ಲಿ ‘ಇಟ್’ ಬೇಕೇ ಬೇಕು. ಇದಕ್ಕೆ ಸುಮ್ನೆ ಕೆಂಪು ಗೆರೆ ಎಳೆದು ಬಿಟ್ಟರೆ ಹುಡುಗನಿಗೆ ತಿಳಿಯುವುದು ಹೇಗೆ? ‘ಡಿಸ್ಕಸ್’ ಕಥೆ ಇದಕ್ಕೆ ಉಲ್ಟಾ. ‘ವಿಷಯದ ಬಗ್ಗೆ ಚರ್ಚಿಸಿದೆವು’ ಅನ್ನುವ ನಾವು ಅಲ್ಲಿಯೂ ‘ಅಬೌಟ್’ ತುರುಕುತ್ತೇವೆ, ಆ ಕ್ರಿಯಾಪದಕ್ಕೆ ನೇರವಾಗಿ ಕರ್ಮ ಕೊಟ್ಟರೆ ಸಾಕು.

ಹಿಂದಿ ಮೇಷ್ಟ್ರನ್ನೂ ಕೂಡಿಸಿಕೊಳ್ಳಬಹುದು. ‘ರಾಮ್ ನೇ ರೋಟಿ ಖಾಯೀ’ ಅನ್ನುವಲ್ಲಿ ‘ನೇ’ ಬರುತ್ತದೆ, ‘ರಾಮ್ ಗಯಾ’ದಲ್ಲಿ ಬರಲ್ಲ, ಅದಕ್ಕೂ ಹೆಚ್ಚಿನ ಸಲ ಕರ್ಮ ಇದೆಯೋ ಇಲ್ಲವೋ ಅನ್ನುವುದೇ ಕಾರಣ. ಮೂರು ಭಾಷೆಯ ಮೇಷ್ಟ್ರುಗಳು ಒಂದೇ ಸ್ಟಾಫ್ ರೂಮಿನಲ್ಲಿ ಕೂತು ಒಂದೇ ವಿಷಯವನ್ನು ಮೂರು ಹೆಸರಿನಲ್ಲಿ ಬೇರೆ ಬೇರೆ ಹೇಳಿಕೊಡುತ್ತಿದ್ದಾರೆ.

ಇಂಗ್ಲಿಷ್ ಮಾತೃಭಾಷೆ ಅಲ್ಲದವರಿಗೆ ಯಾವ ಕ್ರಿಯಾಪದ ಹೇಗೆ ನಡೆಯುತ್ತದೆ ಅಂತ ತೋರಿಸಲೆಂದೇ ಎ.ಎಸ್. ಹಾರ್ನ್‌ಬಿ ಮತ್ತು ಜೊತೆಗಾರರು ಜಪಾನ್‌ನಲ್ಲಿ ಪಾಠ ಹೇಳುತ್ತಾ ನಿಘಂಟು ಮಾಡಿದರು, 1942ರಲ್ಲಿ ಅದು ಅಚ್ಚಾಯಿತು. ಇಂದಿನ ಆಕ್ಸ್‌ಫರ್ಡ್ ಲರ್ನರ್ಸ್ ನಿಘಂಟಿನ ಮೂಲ ಅದೇ. ಅಂಥ ನಿಘಂಟುಗಳಲ್ಲಿ ಕ್ರಿಯಾಪದದ ಪಕ್ಕದಲ್ಲೇ ಕರ್ಮ ಬೇಕೋ ಬೇಡವೋ ಅನ್ನುವ ಗುರುತು ಇರುತ್ತದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯವರು ನಮ್ಮ ಭಾಗದ ಪ್ರತಿ ಪ್ರೌಢಶಾಲೆಗೆ ಕನಿಷ್ಠ ಹತ್ತು ಪ್ರತಿ ಕೊಡಿಸಲಿ, ಅವನ್ನು ಬೀರುವಿನಲ್ಲಿ ಬೀಗ ಹಾಕಿ ಇಡದೆ ಮಕ್ಕಳ ಕೈಗೆ ಕೊಡಲು ಶಿಕ್ಷಣ ಇಲಾಖೆ ಹೇಳಲಿ.

– ಓದುಗ, ಬ್ರಹ್ಮಪುರ, ಕಲಬುರಗಿ